ದೀಪ ಹಚ್ಚಿದ ಮೇಲೆ ಹೆಪ್ಪು

ಅವತ್ತು ಮುಂಜಾನೆ ಬನ್ನಿಹೊಂಡದ ಮೇಲೆ ಮಂಜು ಹೇಗೆ ಇಳಿದಿತ್ತೆಂದರೆ, ಕಲ್ಮೇಶ್ವರ ಗುಡಿಯ ಕಳಸ ಕಾಣುತ್ತಿರಲಿಲ್ಲ, ಗಂಟೆ ಮಾತ್ರ ಕೇಳುತ್ತಿತ್ತು. ಎರಿಹೊಲದ ಬಿಳಿಜೋಳ ತೆನೆಯ ತುದಿಯವರೆಗೆ ತೊಯ್ದು ನಿಂತಿತ್ತು. ರಾಮದುರ್ಗದ ಕಡೆಯಿಂದ ಬೀಸುವ ಗಾಳಿ ಬಾಗಿಲ ಸಂದಿಯಲ್ಲಿ ತೂರಿ ಬಂದು ಒಲೆಯ ಬೂದಿಯನ್ನೂ ತಣ್ಣಗೆ ಮಾಡಿತ್ತು. ಮಾಗಿಯ ಚಳಿ ಮುದುಕರ ಮೊಣಕಾಲಿಗೂ ಮೊಸರಿನ ಗಡಿಗೆಗೂ ಒಟ್ಟಿಗೇ ಬಂದು ಕೂರುತ್ತದೆ ಅನ್ನುತ್ತಾರೆ. ಕೆಂಚವ್ವನ ಮನೆಯಲ್ಲಿ ಎರಡೂ ಆಗಿತ್ತು.

ಕೆಂಚವ್ವ ಜಳಕ ಮಾಡಿ, ಹಣೆಗೆ ವಿಭೂತಿ ಇಟ್ಟು, ಅಂಗೈಯ ಲಿಂಗದ ಮುಂದೆ ಕಣ್ಣು ಮುಚ್ಚಿ ಕೂತು ಎದ್ದಳು. ಆಮೇಲೆ ನೆಲುವಿನಿಂದ ಗಡಿಗೆ ಇಳಿಸಿ ಮುಚ್ಚಳ ತೆಗೆದಳು. ಹಾಲು ಹಾಲಾಗಿಯೇ ಇತ್ತು. ಬೆರಳು ಅದ್ದಿ ನೋಡಿದಳು, ಬಗ್ಗಿ ಮೂಸಿ ನೋಡಿದಳು. ಹೆಪ್ಪುಗಟ್ಟಿರಲಿಲ್ಲ.

ತಪ್ಪು ಚಳಿಯದೊಂದೇ ಅಲ್ಲ, ತನ್ನದೂ ಇದೆ ಅನ್ನುವುದು ಆಕೆಗೆ ಗೊತ್ತಿತ್ತು. ಹಿಂದಿನ ದಿನ ಬನದ ಹುಣ್ಣಿಮೆ ಮುಗಿಸಿಕೊಂಡು ಸವದತ್ತಿ ಗುಡ್ಡದಿಂದ ತಿರುಗಿದ ಚಕ್ಕಡಿಗಳು ಊರ ಮುಂದೆ ಎತ್ತಿನ ಕೊಳ್ಳು ಹರಿದು ತಂಗಿದ್ದವು. ದೇವರ ಮುಖ ನೋಡಿ ಬಂದವರು ಬರೀ ರೊಟ್ಟಿ ತಿನ್ನಬಾರದು ಎಂದು ಕೆಂಚವ್ವ ಗಡಿಗೆ ಹೊತ್ತುಕೊಂಡು ಹೋಗಿ ನಿಂತಳು. ಮೊಸರು ಅಷ್ಟು ಚಂದ ಆಗಿತ್ತು, ಅವರು ಅಷ್ಟು ಹಾಡಿ ಹೊಗಳಿದರು, ಈಕೆ ಗಡಿಗೆ ಬಳಿದು ನೀಡಿದಳು. ರಾತ್ರಿ ಹಾಲು ಕಾಸಿದ ಮೇಲೆ ನೋಡಿದರೆ, ಹೆಪ್ಪಿಗೆ ಉಳಿದದ್ದು ಗಡಿಗೆಯ ಅಂಚಿಗೆ ಅಂಟಿದ್ದಷ್ಟೇ.

ಅತ್ತೆಯ ಕಾಲದಿಂದ ಮುರಿಯದೆ ಬಂದ ಹೆಪ್ಪು ಅದು. ಓಣಿಯ ಎಷ್ಟೋ ಮನೆಗಳ ಮೊಸರಿಗೆ ಅದೇ ತಾಯಿ. ಈಗ ತಾಯಿಯೇ ಮಕ್ಕಳ ಮನೆ ಬಾಗಿಲಿಗೆ ಹೋಗಬೇಕಾಯಿತು. ಕೆಂಚವ್ವ ಸಣ್ಣ ಗಿಂಡಿಯೊಂದನ್ನು ಸೆರಗಿನಲ್ಲಿ ಹಿಡಿದುಕೊಂಡು ಮಂಜಿನಲ್ಲಿ ಇಳಿದಳು. ಹೆಪ್ಪು ತರುವುದಕ್ಕೆ ಅಂತಲೇ ಆಕೆಯ ಹತ್ತಿರ ಒಂದು ಕಂಚಿನ ಬಟ್ಟಲಿತ್ತು, ತವರುಮನೆ ದೇಗಾಂವದಿಂದ ಬಂದದ್ದು. ಆದರೆ ಅದು ಮನೆಯಲ್ಲಿರಲಿಲ್ಲ. ಎಲ್ಲಿತ್ತು ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಎದುರುಮನೆಯ ಶಟ್ಟೆಪ್ಪನ ಹೆಂಡತಿ ಅಂಗಳ ಗುಡಿಸುತ್ತಿದ್ದಳು.

"ಯವ್ವಾ, ಒಂದೀಟ ಹೆಪ್ಪ ಇದ್ರ ಕೊಡ," ಅಂದಳು ಕೆಂಚವ್ವ.

ಶಟ್ಟೆಪ್ಪನ ಹೆಂಡತಿಯ ಕೈಯಿಂದ ಕಸಬರಿಗೆ ಬಿತ್ತು. "ಯಾರ ಮನ್ಯಾಗ್ರೀ ಕಾಕು?"

"ಯಾರ ಮನ್ಯಾಗೂ ಅಲ್ಲ. ನನಗ ಬೇಕು."

"ಹೌದ್ರಿ ಹೌದ್ರಿ, ನಿಮಗ ಬೇಕು," ಎಂದು ಆಕೆ ಕಣ್ಣು ಮಿಟುಕಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆಚೆಮನೆಯ ಬಾಗಿಲು ಬಡಿದಳು. ಆ ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಸುದ್ದಿ ಹೋಯಿತು. ಕೆಂಚವ್ವ ಬೇಡ ಬೇಡವೆನ್ನುವುದರೊಳಗೆ ಒಬ್ಬಳು ಸವಟು ಹಿಡಿದು, ಒಬ್ಬಳು ಹಿಟ್ಟಿನ ಕೈಯಲ್ಲೇ, ಒಬ್ಬಳು ಹಲ್ಲುಜ್ಜುತ್ತಾ ಬಂದು ಮಂಜಿನಲ್ಲಿ ನಿಂತರು. ಒಳಗಿನಿಂದ ಶಟ್ಟೆಪ್ಪ ಕಂಬಳಿ ಹೊದ್ದುಕೊಂಡೇ ತಲೆ ಹೊರಗೆ ಹಾಕಿದ.

"ಕಾಕು, ನಾ ಏನೂ ಮಾಡಿಲ್ರಿ! ನಾ ಇನ್ನೂ ಎದ್ದೇ ಇಲ್ಲ!"

"ನಿನಗ ಯಾರಪ್ಪಾ ಏನಂದ್ರು? ನಮ್ಮ ಮನಿ ಮೊಸರ ಆಗಿಲ್ಲೋ!"

ಖರೆ ಸಂಗತಿ ತಿಳಿಯುವಷ್ಟರಲ್ಲಿ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ನಗು ನಿಂತ ಮೇಲೆ ನೋಡಿದರೆ, ಚಳಿ ಯಾರ ಮನೆಯನ್ನೂ ಬಿಟ್ಟಿರಲಿಲ್ಲ. ಎಲ್ಲರ ಗಡಿಗೆಯಲ್ಲೂ ಹಾಲು ಹಾಗೇ ಕೂತಿತ್ತು. ಕೆಂಚವ್ವ ಖಾಲಿ ಗಿಂಡಿ ಹಿಡಿದು ತಿರುಗಿದಳು.

ಹೆಪ್ಪು ಕೇಳಿದರೆ ಊರು ಯಾಕೆ ಹೀಗೆ ಎದ್ದು ಓಡಿ ಬರುತ್ತದೆ? ಅದಕ್ಕೊಂದು ಹಿಂದಿನ ಕತೆ ಇದೆ.

ಕೆಂಚವ್ವನ ಮನೆಗೂ ಪಕ್ಕದ ವಿರೂಪಾಕ್ಷನ ಮನೆಗೂ ನಡುವೆ ಒಂದೇ ಗೋಡೆ. ವಿರೂಪಾಕ್ಷ ಹೊಲಮನೆ ಇದ್ದವನು, ಬೈಲಹೊಂಗಲದ ಪೇಟೆಗೆ ಹತ್ತಿ ಕಾಳು ಸಾಗಿಸುವವನು, ಈಗ ಪಂಚಾಯಿತಿ ಮೆಂಬರ್. ಮಾತು ಮಿತ, ಲೆಕ್ಕ ಚೊಕ್ಕ. ಹೊರಗೆ ಯಾರಿಗೂ ಏರಿದ ದನಿಯಲ್ಲಿ ಮಾತಾಡಿದವನಲ್ಲ. ಆದರೆ ಗೋಡೆಗೆ ಬೇರೆಯದು ಗೊತ್ತಿತ್ತು. ಅವನ ಹೆಂಡತಿ ಗಂಗಾ ಹಬ್ಬದ ದಿನವೂ ತೋಳು ಮುಚ್ಚುವ ಕುಪ್ಪಸ ತೊಡುತ್ತಿದ್ದಳು.

ಕೆಲವು ವರ್ಷದ ಹಿಂದೆ ಒಂದು ಸಂಜೆ, ಆಗಷ್ಟೇ ದೀಪ ಹಚ್ಚಿ ಕೈಮುಗಿಯುತ್ತಿದ್ದಾಗ, ಆ ಗೋಡೆಯಾಚೆ ಏನೋ ಬಿದ್ದ ಸದ್ದು. ಆಮೇಲೆ ಗಂಗಾಳ ದನಿ, ಅರ್ಧಕ್ಕೇ ನುಂಗಿಕೊಂಡದ್ದು. ಕೆಂಚವ್ವ ಕೈಗೆ ಸಿಕ್ಕ ಬಟ್ಟಲು ಹಿಡಿದುಕೊಂಡು ಹೋಗಿ ಬಾಗಿಲು ತಟ್ಟಿಬಿಟ್ಟಳು. ತಟ್ಟಿದ ಮೇಲೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಒಂದು ಕೈ ಎತ್ತಿಕೊಂಡೇ ಬಾಗಿಲು ತೆರೆದ ವಿರೂಪಾಕ್ಷನ ಮುಖ ನೋಡಿ ಬಾಯಿಗೆ ಬಂದದ್ದು ಇಷ್ಟೇ:

"ಒಂದೀಟ ಹೆಪ್ಪ ಕೊಡ್ರೆಪಾ."

ಅವನು ಕಲ್ಲಿನಂತೆ ನಿಂತ. ಓಣಿಗೆಲ್ಲ ಹೆಪ್ಪು ಕೊಡುವವಳು ಹೆಪ್ಪು ಬೇಡುತ್ತಿದ್ದಾಳೆ! ಅದೂ ದೀಪ ಹಚ್ಚಿದ ಮೇಲೆ. ದೀಪ ಹಚ್ಚಿದ ಮೇಲೆ ನಮ್ಮ ಕಡೆ ಉಪ್ಪು, ಸೂಜಿ, ಹೆಪ್ಪು ಯಾರೂ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಮನೆಯ ಲಕ್ಷ್ಮಿ ಅದರ ಬೆನ್ನು ಹತ್ತಿ ಹೊರಟುಹೋಗುತ್ತಾಳೆ ಎಂಬ ನಂಬಿಕೆ. ಎತ್ತಿದ್ದ ಅವನ ಕೈ ತಾನಾಗಿ ಕೆಳಗಿಳಿಯಿತು.

"ದೀಪ ಹಚ್ಚೇತಿ. ಈಗ ಕೊಡೂದಿಲ್ಲರಿ ಕಾಕು. ಮುಂಜಾನೆ ಬರ್ರಿ."

"ಹಂಗಾರ ಬಟ್ಟಲಾ ಇಲ್ಲೇ ಇರ್ಲಿ," ಎಂದು ಕೆಂಚವ್ವ ಒಳಬಾಗಿಲ ಪಕ್ಕದ ಗೂಡಿನಲ್ಲಿ ಕಂಚಿನ ಬಟ್ಟಲು ಇಟ್ಟಳು. ಇಟ್ಟವಳು ಹೋಗಲಿಲ್ಲ. ಪಡಸಾಲೆಯಲ್ಲಿ ಕೂತು, ಗಂಗಾಳನ್ನು ಪಕ್ಕಕ್ಕೆ ಕರೆದು, ಮೊಣಕಾಲಿನ ನೋವಿನ ಬಗ್ಗೆ ಬಹಳ ಹೊತ್ತು ಮಾತಾಡಿದಳು. ವಿರೂಪಾಕ್ಷ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಅವನ ಸಿಟ್ಟು ಬೀದಿಯ ಗಾಳಿಗೆ ಆರಿತು.

ಮುಂಜಾನೆ ಕೆಂಚವ್ವ ಬಟ್ಟಲು ತರಲು ಹೋಗಲಿಲ್ಲ. ಗೂಡಿನಲ್ಲಿ ಬಟ್ಟಲಿದ್ದರೆ ಯಾವ ಹೊತ್ತಿನಲ್ಲೂ ಆ ಬಾಗಿಲು ತಟ್ಟಬಹುದಿತ್ತು. ಆಮೇಲೂ ಆಗೀಗ ಗೋಡೆ ಮಾತಾಡಿತು. ಮಾತಾಡಿದಾಗೆಲ್ಲ ಕೆಂಚವ್ವ "ನನ್ನ ಬಟ್ಟಲಾ ಒಯ್ಯಾಕ ಬಂದೇನಿ" ಎಂದು ಹೋಗಿ, ಕೂತು, ಬಟ್ಟಲು ಅಲ್ಲೇ ಬಿಟ್ಟು ಬರುತ್ತಿದ್ದಳು.

ಅದೇ ವರ್ಷ ಪಂಚಾಯಿತಿಯವರು ಮನೆಪಟ್ಟಿ, ನೀರಪಟ್ಟಿಯ ಕರದಿಂದ ಬಂದ ಹಣದಲ್ಲಿ ಒಂದು ಪಾಲು ತೆಗೆದಿಟ್ಟು, ಹಳೇ ಶಾಲೆಯ ಬೇವಿನಮರದ ಕೆಳಗಿನ ಕೋಣೆಯನ್ನು ಹೆಂಗಸರಿಗೆಂದು ಬಿಟ್ಟುಕೊಟ್ಟರು. ಊರು ಅದನ್ನು ನೆರಳಿನ ಖೋಲಿ ಎಂದು ಕರೆಯಿತು. ರಾಮದುರ್ಗದಿಂದ ಪೂನಮ್ ಎನ್ನುವ ಹುಡುಗಿ ಗುರುವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಕೂರುವಳು. ಕಷ್ಟ ಹೇಳಿಕೊಂಡವರ ಮಾತು ಕೇಳುವಳು, ಕಾನೂನು ತಿಳಿಸುವಳು, ಗಂಡಸರನ್ನೂ ಕರೆಸಿ ಕೂರಿಸುವಳು. ಪಂಚಾಯಿತಿಯ ರೊಕ್ಕದಲ್ಲಿ ಆಕೆಯ ಸಂಬಳ, ಒಂದು ಫೋನು, ಮತ್ತು ಮನೆಯಲ್ಲಿ ಇರಲಾರದ ಹೆಂಗಸು ರಾತ್ರಿ ಕಳೆಯಲು ಒಂದು ಕಾಟು, ಒಳಗಿನಿಂದ ಹಾಕಿಕೊಳ್ಳುವ ಗಟ್ಟಿ ಚಿಲಕ.

"ಪಕ್ಕದ ಮನ್ಯಾಗ ಹೊಡೆತ ಕೇಳಿದ್ರ ಸುಮ್ನ ಕುಂದ್ರಬ್ಯಾಡ್ರಿ, ಹೋಗಿ ಬಾಗಲಾ ಬಡೀರಿ," ಎಂದು ಪೂನಮ್ ಹೇಳಿದಾಗ ಹೆಂಗಸರು ಕೇಳಿದ್ದರು: "ಬಡದು ಏನನ್ನೋಣ್ರಿ ಮೇಡಂ? ಒಳಗ ಏನ ನಡದೈತಿ ಅಂತ ಕೇಳೂದು?" ಆಗ ಕೆಂಚವ್ವ, ಯಾರ ಮನೆ ಎಂದು ಹೇಳದೆ, ಹೆಪ್ಪಿನ ಸಂಗತಿ ಹೇಳಿದಳು. ಪೂನಮ್ ಮೊದಲು ನಕ್ಕಳು. ನಗು ನಿಂತ ಮೇಲೆ, "ಇದ ಆಗಲಿ ಹಂಗಾರ," ಅಂದಳು. ಅಂದಿನಿಂದ ಬನ್ನಿಹೊಂಡದಲ್ಲಿ ಹೆಪ್ಪು ಕೇಳುವುದು ಅಂದರೆ ಹೆಪ್ಪು ಕೇಳುವುದಷ್ಟೇ ಆಗಿ ಉಳಿಯಲಿಲ್ಲ. ಒಬ್ಬಳು ಹೋಗಿ ಕೇಳುವಳು, ಆಕೆಯ ಬೆನ್ನಿಗೆ ಇನ್ನೊಬ್ಬಳು ಬಂದು ಕೇಳುವಳು. ಮನೆಯಲ್ಲಿ ಹೆಪ್ಪು ಇದೆಯೋ ಇಲ್ಲವೋ, ಎತ್ತಿದ ಕೈ ಇಳಿಯುತ್ತಿತ್ತು.

ವಿರೂಪಾಕ್ಷನ ಗೋಡೆ ಒಂದು ವರ್ಷದಿಂದ ಮೌನವಾಗಿತ್ತು. ಶಿವ ದೊಡ್ಡವನು ಎಂದು ಕೆಂಚವ್ವ ದಿನಾ ಅಂದುಕೊಳ್ಳುತ್ತಿದ್ದಳು. ಆದರೆ ಬಟ್ಟಲು ಇನ್ನೂ ಅವನ ಮನೆಯ ಗೂಡಿನಲ್ಲೇ ಇತ್ತು.

ಖಾಲಿ ಗಿಂಡಿ ಹಿಡಿದು ಆಕೆ ಮನೆಗೆ ಬಂದರೆ, ಕಟ್ಟೆಯ ಹತ್ತಿರ ವಿರೂಪಾಕ್ಷ ನಿಂತಿದ್ದ. ಕೈಯಲ್ಲಿ ಆ ಕಂಚಿನ ಬಟ್ಟಲು.

"ತಗೋರಿ ಕಾಕು. ನಿಮ್ಮ ಬಟ್ಟಲಾ."

ಬಟ್ಟಲು ತಿಕ್ಕಿ ತೊಳೆದು ಫಳಫಳ ಹೊಳೆಯುತ್ತಿತ್ತು. ಒಳಗೆ ಏನೂ ಇರಲಿಲ್ಲ. ಕೆಂಚವ್ವ ಕೈ ಚಾಚಲಿಲ್ಲ.

"ಖಾಲಿ ಬಟ್ಟಲಾ ತಿರುಗಿ ಕೊಡ್ತಾರೇನಪಾ? ನಿಮ್ಮವ್ವ ಇದ್ದಿದ್ರ ಬೈತಿದ್ಲು. ನಾ ಹೆಪ್ಪ ಕೇಳಿದ್ದೆ."

"ಎಷ್ಟ ದಿನಾ ಕೇಳ್ತೀರಿ?" ಅವನ ದನಿ ಒಡೆಯಿತು. "ಆ ಗೂಡಿನ ಮುಂದ ದಿನಾ ಹಾದ ಹೋಗಬೇಕು ನಾನು. ಹೋದಾಗೆಲ್ಲಾ ಅದು ನನ್ನ ನೋಡತೈತಿ. ನಾ ಈಗ ಹಂಗಿಲ್ಲ. ನಿಮಗ ಗೊತ್ತೈತಿಲ್ಲೋ?"

"ಗೊತ್ತೈತಿ."

"ಮತ್ತ? ಆ ಬಟ್ಟಲಾ, ಆ ಖೋಲಿ, ಆ ಗುರುವಾರ. ಇವೆಲ್ಲಾ ಇರೂತನಾ ನಾ ಅದೇ ವಿರೂಪಾಕ್ಷನ. ಇವತ್ತ ಗ್ರಾಮಸಭಾ ಐತಿ. ಖೋಲಿ ರೊಕ್ಕ ತಗದು ಊರ ಅಗಸಿ ಬಾಗಲ ಮುಂದ ದೊಡ್ಡ ಲೈಟಿನ ಕಂಬ ಹಾಕಸ್ರಿ ಅಂತ ಬರದು ಕೊಟ್ಟೇನಿ. ನೀವ ಅಡ್ಡ ಬರಬ್ಯಾಡ್ರಿ."

ಅವನು ಬಟ್ಟಲು ಹಿಡಿದುಕೊಂಡೇ ಹೊರಟುಹೋದ. ಕೆಂಚವ್ವ ಅವನ ಬೆನ್ನು ನೋಡುತ್ತಾ ನಿಂತಳು. ಸಿಟ್ಟು ಬರಲಿಲ್ಲ. ಗಾಯ ಮಾಯುವಾಗ ತುರಿಸುತ್ತದೆ. ತುರಿಸಿದರೆ ಮತ್ತೆ ರಕ್ತ ಬರುತ್ತದೆ. ಆದರೆ ಅವನೊಬ್ಬನ ಗಾಯ ಮಾಯಿತೆಂದು ಊರಿನ ಔಷಧದ ಬಾಟ್ಲಿ ಒಡೆಯುವುದೆ?

ಮಂಜು ಕರಗಿ ಬಿಸಿಲು ಬಂದ ಮೇಲೆ ಸಭೆ ಶುರುವಾಯಿತು. ಪಂಚಾಯಿತಿ ಮುಂದಿನ ಅಂಗಳಕ್ಕೆ ಜಮಖಾನೆ ಹಾಸಿದ್ದರು. ಬಿಸಿಲು ಕಾಯಿಸಿಕೊಳ್ಳಲೆಂದೇ ಬಂದವರು ಅರ್ಧ ಮಂದಿ. ಅಧ್ಯಕ್ಷ ಲಗಮಣ್ಣ ಕೆಳಗಿನ ಓಣಿಯವನು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊಕ್ಕೆ ಕೈಮುಗಿದು ಕುರ್ಚಿಯಲ್ಲಿ ಕೂರುವ ಸಮಾಧಾನದ ಮನುಷ್ಯ. ಚರಂಡಿ ಆಯಿತು, ಕುಡಿಯುವ ನೀರಾಯಿತು, ಆಮೇಲೆ ಖೋಲಿಯ ಸರದಿ ಬಂತು.

ವಿರೂಪಾಕ್ಷ ಎದ್ದು ನಿಂತ. ಕೆಂಚವ್ವನ ಕಡೆ ನೋಡಲಿಲ್ಲ.

"ಪೂನಮ್ ಮೇಡಂಗೆ ಒಂದ ಪ್ರಶ್ನೆರಿ. ಖೋಲಿ ಶುರು ಆದಾಗಿಂದ ಇಲ್ಲೀತನಾ ನಮ್ಮೂರಿಂದ ಪೊಲೀಸ್ ಠಾಣೆಕ್ಕ ಹೋದ ಕೇಸು ಎಷ್ಟು?"

"ಒಂದೂ ಇಲ್ಲರಿ," ಅಂದಳು ಪೂನಮ್.

"ಕೋರ್ಟಿಗೆ ಹೋದದ್ದು?"

"ಇಲ್ಲರಿ. ಆದ್ರ ಅದರ ಅರ್ಥ..."

"ಅರ್ಥ ಸರಳ ಐತಿ. ಜಗಳ ಇಲ್ಲ, ಕೇಸ್ ಇಲ್ಲ. ಇಲ್ಲದ ಜಡ್ಡಿಗೆ ಔಷಧ ಯಾಕ್ರಿ? ಅಗಸಿ ಮುಂದ ಕತ್ತಲ ಐತಿ. ಕಂಬ ಹಾಕಿದ್ರ ಊರಿಗೆಲ್ಲಾ ಕಾಣತೈತಿ."

ಹಲವರು ತಲೆ ಆಡಿಸಿದರು. ಕಂಬ ಯಾರಿಗೆ ಬೇಡ? ಇನ್ನೊಬ್ಬ ಮೆಂಬರ್ ಗಂಗಪ್ಪ, ಸಭೆಯಲ್ಲಿ ನಗಿಸುವುದೇ ತನ್ನ ಕೆಲಸ ಎಂದುಕೊಂಡವನು, ಕೂತಲ್ಲಿಂದಲೇ ಅಂದ: "ಓಣಿಗೊಬ್ಬಾಕಿ ಕಿತ್ತೂರ ರಾಣಿ ಆಗ್ಯಾರ್ರೀ! ನಮ್ಮ ಮನ್ಯಾಗ ಕೆಮ್ಮಿದ್ರೂ ಹೆಪ್ಪ ಕೇಳಾಕ ಬರ್ತಾರ!" ಗಂಡಸರು ಗೊಳ್ಳೆಂದು ನಕ್ಕರು. ಶಟ್ಟೆಪ್ಪ ಮಾತ್ರ ನಗಲಿಲ್ಲ.

ಪೂನಮ್ ಎದ್ದಳು. ಹೆಸರುಗಳನ್ನು ಹೇಳಲು ತನಗೆ ಅನುಮತಿ ಇಲ್ಲವೆಂದಳು. ಹೆಪ್ಪೊಂದರಿಂದ ಎಲ್ಲಾ ಆಗುವುದಿಲ್ಲ, ಅದು ಬಾಗಿಲು ತೆಗೆಸುತ್ತದೆ ಅಷ್ಟೆ. ತೆಗೆದ ಬಾಗಿಲಿನಿಂದ ಹೊರಗೆ ಬಂದವಳಿಗೆ ಹೋಗಲು ಒಂದು ಜಾಗ ಬೇಕು, ಮಾತಾಡಲು ಒಬ್ಬರು ಬೇಕು, ಅದಕ್ಕೇ ರೊಕ್ಕ ಅಂದಳು. ಮಾತು ಸರಿಯಾಗಿತ್ತು, ಆದರೆ ನಗುವಿನ ಹಿಂದೆ ಬಂದದ್ದರಿಂದ ಯಾರ ಕಿವಿಗೂ ಇಳಿಯಲಿಲ್ಲ.

ಕೆಂಚವ್ವ ಜಮಖಾನೆಯ ಮೇಲೆ ಅಂಗೈ ಊರಿ, ಮೊಣಕಾಲು ಹಿಡಿದುಕೊಂಡು ಎದ್ದಳು.

"ಲಗಮಣ್ಣಾ, ನಂದೊಂದು ಮಾತೈತಿ."

"ಹೇಳ್ರಿ ಕಾಕು."

"ಇವತ್ತ ನಮ್ಮ ಮನ್ಯಾಗ ಮೊಸರ ಆಗಿಲ್ಲ."

ಮತ್ತೆ ನಗು. ಕೆಂಚವ್ವ ನಗು ಮುಗಿಯುವ ತನಕ ಕಾದಳು.

"ಯಾಕ ಆಗಿಲ್ಲ ಅಂದ್ರ, ನಿನ್ನಿ ಭಾಳ ಚೊಲೊ ಆಗಿತ್ತು. ಚೊಲೊ ಆಗೇತಿ, ಇನ್ನೇನ ಚಿಂತಿ ಅಂತ ಗಡಿಗಿ ಬಳದ ನೀಡಿದೆ. ಹೆಪ್ಪಿಗೆ ಉಳಸೂದು ಮರತೆ. ಮೊಸರ ಆಗೇತಿ ಅಂದ ಮ್ಯಾಲ ಹೆಪ್ಪ ಯಾಕ ಅಂತ ವಿರೂಪಾಕ್ಷ ಕೇಳಾಕ ಹತ್ಯಾನ. ಹೆಪ್ಪ ಇತ್ತು, ಅದಕ್ಕ ಆಗೇತಿ. ಇವತ್ತ ಚಲ್ಲಿದ್ರ ನಾಳಿಗೂ ಏನೂ ಆಗೂದಿಲ್ಲ, ಹಾಲು ಹಾಲಾಗೇ ಇರತೈತಿ. ನಾಡದ ಒಡೀತೈತಿ. ಆವಾಗ ಯಾರ ಮನಿಗಿ ಹೋಗೂನು? ಎಲ್ಲಾರ ಮನ್ಯಾಗೂ ಒಮ್ಮೇ ಒಡದಿರತೈತಿ."

ಹೆಂಗಸರು ಹೌದೌದು ಅಂದರು. ಆದರೆ ಗಂಗಪ್ಪ ಬಿಡಲಿಲ್ಲ.

"ಮೊಸರಿನ ಕತಿ ಚಂದ ಐತ್ರಿ ಕಾಕು. ಆದ್ರ ಸರಕಾರಿ ಕೆಲಸಕ್ಕ ಪುರಾವೆ ಬೇಕು. ಹೊಡೆತ ಎಲ್ಲಿ ಬಿದ್ದಾವು, ಯಾರ ಕೈ ಹಿಡದೀರಿ, ಒಂದ, ಒಂದ ಹೆಸರ ಹೇಳ್ರಲಾ. ಖೋಲಿ ಇರಲಿ ಅಂತ ನಾನ ಮೊದಲ ಕೈ ಎತ್ತತೇನಿ."

ಕೆಂಚವ್ವ ವಿರೂಪಾಕ್ಷನ ಮುಖ ನೋಡಿದಳು. ಅವನ ಮುಖದ ರಕ್ತ ಇಳಿದುಹೋಗಿತ್ತು. ತಾನೇ ಎತ್ತಿದ ಪ್ರಶ್ನೆ ಸುತ್ತು ಹಾಕಿ ತನ್ನ ಬಾಗಿಲಿಗೇ ಬಂದು ನಿಂತದ್ದು ಅವನಿಗೆ ತಿಳಿದಿತ್ತು. ಆಕೆಯ ನಾಲಿಗೆಯ ತುದಿಯಲ್ಲಿ ಒಂದು ಹೆಸರಿತ್ತು. ಅದೊಂದನ್ನು ಬಾಯಿಬಿಟ್ಟು ಹೇಳಿದರೆ ಖೋಲಿ ಉಳಿಯುತ್ತಿತ್ತು. ಹೆಂಗಸರ ನಡುವೆ ಕೂತ ಗಂಗಾ ತಲೆ ತಗ್ಗಿಸಿ ಜಮಖಾನೆಯ ದಾರ ಎಳೆಯುತ್ತಿದ್ದಳು. ಈ ಹೆಸರು ಹೇಳಿದರೆ ಅವನ ಮಾನ ಹೋಗುವುದು ಹಾಗಿರಲಿ, ಗಂಗಾ ನಾಳೆಯಿಂದ ಬಾವಿಯ ಹತ್ತಿರ, ಬಸ್ಸಿನಲ್ಲಿ, ಗುಡಿಯಲ್ಲಿ, ಎಲ್ಲಿ ಹೋದರೂ ಹೊಡೆಸಿಕೊಂಡವಳು. ನಂಬಿ ತೆರೆದ ಬಾಗಿಲನ್ನು ನಡುಬೀದಿಯಲ್ಲಿ ಕಿತ್ತು ಇಟ್ಟಂತೆ. ಹೇಳದಿದ್ದರೆ ಖೋಲಿ ಹೋಗುತ್ತದೆ. ಕೆಂಚವ್ವ ಕಣ್ಣು ಮುಚ್ಚಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡಳು.

"ಹೆಸರ ಹೇಳೂದಿಲ್ಲ ಗಂಗಪ್ಪಾ. ಬಾಗಲದ ಒಳಗಿಂದು ನನ್ನದಲ್ಲ. ಬಾಗಲದ ಹೊರಗಿಂದು ನನ್ನದು, ಅದನ್ನ ಹೇಳತೇನಿ. ದೀಪ ಹಚ್ಚಿದ ಮ್ಯಾಲ ಹೆಪ್ಪ ಕೇಳಾಕ ಹೋದಾಕಿ ನಾನು."

ಹೇಳಿ ಬಲಗೈ ಮೇಲೆತ್ತಿ ಹಾಗೇ ನಿಂತಳು.

ಶಟ್ಟೆಪ್ಪನ ಹೆಂಡತಿ ಗಂಡನ ಕಡೆ ಒಮ್ಮೆ ನೋಡಿ, "ನಾನೂ ಹೋಗೇನ್ರಿ," ಎಂದು ಕೈ ಎತ್ತಿದಳು. ಆಮೇಲೆ ಅಂಗಳದ ಅಂಚಿನಲ್ಲಿ ಒಂದು ಕೈ. ಹಿಂದಿನ ಸಾಲಿನಲ್ಲಿ ಬಳೆ ಸದ್ದಾಯಿತು. ಒಂದೊಂದಾಗಿ ಕೈಗಳು ಎದ್ದವು; ಹಿಟ್ಟಿನ ವಾಸನೆಯವು, ಅರಿಶಿಣ ಹಚ್ಚಿದವು, ಕಳೆ ಕಿತ್ತು ಬಿರಿದವು. ಗಂಗಪ್ಪ ತಿರುಗಿ ನೋಡಿದರೆ, ತನ್ನ ಮನೆಯಾಕೆಯೂ ಕೈ ಎತ್ತಿ ಕೂತಿದ್ದಳು.

ಎಲ್ಲರ ಆಮೇಲೆ ಗಂಗಾ ಕೈ ಎತ್ತಿದಳು.

ವಿರೂಪಾಕ್ಷ ಅದನ್ನು ನೋಡಿದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಕೈ ಎತ್ತಿದ್ದು ಹೊಡೆಸಿಕೊಂಡವರಲ್ಲ, ತಡೆಯಲು ಹೋದವರು. ಇವಳು ಯಾವಾಗ ಹೋದಳು? ಯಾರ ಮನೆಗೆ?

"ನಮ್ಮನಿಗಿ ಬಂದಿದ್ರು," ಎಂಬ ದನಿ ಕೆಳಗಿನ ಓಣಿಯವರು ಕೂತ ಕಡೆಯಿಂದ ಬಂತು. ಎದ್ದು ನಿಂತವಳು ಮಾಲಾ, ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. "ಬ್ಯಾರೇವ್ರ ಹೆಸರ ಹೇಳಬಾರದು. ನನ್ನ ಹೆಸರ ನಾ ಹೇಳಬಹುದಲ್ರಿ ಅಧ್ಯಕ್ಷರ?"

ಲಗಮಣ್ಣ ತಲೆ ಆಡಿಸಿದ.

"ನನ್ನ ಗಂಡ ಅರ್ಜುನ ಕಿತ್ತೂರ ಹೈವೇದಾಗ ಟಿಪ್ಪರ್ ಹೊಡೀತಾನ, ನಿಮಗೆಲ್ಲಾ ಗೊತ್ತೈತಿ. ಹ್ವಾದ ವರ್ಷ ಒಂದಿನ ಕುಡದ ಬಂದಿದ್ದ. ದೀಪ ಹಚ್ಚಿದ್ದೆ. ಬಾಗಲದಾಗ ನೋಡಿದ್ರ ಗಂಗಕ್ಕಾರು. ‘ಮಾಲಾ, ಒಂದೀಟ ಹೆಪ್ಪ ಕೊಡ’ ಅಂದ್ರು. ಮ್ಯಾಲಿನ ಓಣಿಯವರು ನಮ್ಮ ಬಾಗಲಿಗಿ ಬಂದು ನೀರ ಸೈತ ಕೇಳಿದ್ದಿಲ್ಲರಿ. ನನ್ನ ಗಂಡ ಎತ್ತಿದ ಕೈ ಹಂಗ ನಿಂತು, ಅಕ್ಕಾರಿಗಿ ಕುಂದ್ರಾಕ ಮಣಿ ಹುಡುಕಾಕ ಹತ್ತಿದ!" ಯಾರೋ ನಕ್ಕರು, ಮಾಲಾ ಕೂಡ ಒಂದಿಷ್ಟು ನಕ್ಕಳು. ಆಮೇಲೆ ಆಕೆಯ ಮುಖ ಬದಲಾಯಿತು. "ಅವತ್ತಿನ ರಾತ್ರಿ ನೆರಳಿನ ಖೋಲ್ಯಾಗ ಮಲಗಿದೆ, ಚಿಲಕ ಹಾಕ್ಕೊಂಡು. ಆ ಕಾಟು ಇದ್ದಿದ್ದಿಲ್ಲ ಅಂದ್ರ ನಾ ಹೊಂಡದ ದಾರಿ ಹಿಡದಿದ್ದೆ. ಅಗಸಿ ಮುಂದ ಲೈಟ್ ಇರ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಲೈಟಿನ ಕಂಬದಾಗ ಮಲಗಾಕ ಬರೂದಿಲ್ಲರಿ."

ಲಗಮಣ್ಣ ಕನ್ನಡಕ ತೆಗೆದು ಒರೆಸಿದ. ಒರೆಸಿ, ಮತ್ತೆ ಹಾಕಿಕೊಳ್ಳದೆ, "ವಿರೂಪಾಕ್ಷ, ನಿನ್ನ ಠರಾವು ಮಂದಿ ಮುಂದ ಇಡ್ಲ್ಯಾ?" ಎಂದು ಕೇಳಿದ.

ವಿರೂಪಾಕ್ಷ ಇನ್ನೂ ಹೆಂಡತಿಯ ಕೈಯನ್ನೇ ನೋಡುತ್ತಿದ್ದ. ಆಕೆ ಅದನ್ನು ಇಳಿಸಿರಲಿಲ್ಲ. ಕುಪ್ಪಸದ ತೋಳು ಜಾರಿತ್ತು, ಚರ್ಮದ ಮೇಲೆ ಈಗ ಒಂದು ಬಾಸುಂಡೆಯೂ ಇರಲಿಲ್ಲ.

"ಕಂಬಕ್ಕ ಮುಂದಿನ ವರ್ಷ ನೋಡೂನ್ರಿ," ಎಂದು ಹೇಳಿ ಅವನು ಕೂತುಬಿಟ್ಟ.

ಎಲ್ಲವೂ ಅಂದುಕೊಂಡಂತೆಯೇ ಆಯಿತೆಂದಲ್ಲ. ಮನೆಪಟ್ಟಿ ಸರಿಯಾಗಿ ವಸೂಲಿ ಆಗಿಲ್ಲ, ಮೊದಲಿನಷ್ಟು ಕೊಡಲು ಬರುವುದಿಲ್ಲ ಎಂದು ಕಾರ್ಯದರ್ಶಿ ಹೇಳಿದ. ಪೂನಮ್ ಇನ್ನು ಮೇಲೆ ಒಂದು ಗುರುವಾರ ಬಿಟ್ಟು ಒಂದು ಗುರುವಾರ ಬರಬೇಕು. "ನಡುವಿನ ಗುರುವಾರ ನಾವ ಖೋಲಿ ತಗದು ಕುಂದರತೇವಿ," ಎಂದಳು ಶಟ್ಟೆಪ್ಪನ ಹೆಂಡತಿ. "ಬಾಕಿ ಇಟ್ಟವರ ಮನಿಪಟ್ಟಿಗೂ ನಾವ ಹೋಗೂನೇನ್ರಿ, ಹೆಪ್ಪ ಕೇಳಿದಂಗ?" ಎಂದು ಇನ್ನೊಬ್ಬಳು ಕೇಳಿದಾಗ ಗಂಡಸರು ಗಡಬಡಿಸಿ ಎದ್ದರು. ಸಭೆ ನಗುತ್ತಲೇ ಮುಗಿಯಿತು.

ಆ ಸಂಜೆ ಚಳಿ ಮತ್ತೆ ಬೇಗ ಇಳಿಯಿತು. ಕೆಂಚವ್ವ ಹಾಲು ಕಾಸಿ, ಆರಲು ಬಿಟ್ಟು, ದೇವರ ಮುಂದೆ ದೀಪ ಹಚ್ಚಿದಳು. ಹೆಪ್ಪು ಇನ್ನೂ ಸಿಕ್ಕಿರಲಿಲ್ಲ. ನಾಳೆ ಸುರೇಬಾನದ ಬಸ್ಸು ಹತ್ತಿ ಮಗಳ ಮನೆಯಿಂದ ತರುವುದು ಎಂದುಕೊಂಡಳು. ಗೋಡೆಯಾಚೆ ಮಾತು ಕೇಳುತ್ತಿತ್ತು. ಹಳೆಯ ಅಭ್ಯಾಸದಿಂದ ಆಕೆಯ ಕಿವಿ ನೆಟ್ಟಗಾಯಿತು. ಆದರೆ ಅದು ಗಂಗಾಳ ದನಿ, ನಿಧಾನಕ್ಕೆ, ಉದ್ದಕ್ಕೆ, ಏನನ್ನೋ ವಿವರಿಸುತ್ತಿತ್ತು. ನಡುನಡುವೆ ವಿರೂಪಾಕ್ಷ "ಹೌದೇನು" ಅನ್ನುತ್ತಿದ್ದ. ಆ ಮನೆಯಲ್ಲಿ ಗಂಗಾ ಇಷ್ಟು ಹೊತ್ತು ಮಾತಾಡಿದ್ದನ್ನು ಕೆಂಚವ್ವ ಕೇಳಿರಲಿಲ್ಲ. ಆಮೇಲೆ ಬಾಗಿಲು ತೆರೆದ ಸದ್ದು, ಹೆಜ್ಜೆಗಳು ಕೆಳಗಿನ ಓಣಿಯ ಕಡೆ ಇಳಿದು ಹೋದವು.

ಹಾಲು ಉಗುರುಬೆಚ್ಚಗೆ ಆರುವಷ್ಟರಲ್ಲಿ ಬಾಗಿಲ ಚಿಲಕ ಸದ್ದಾಯಿತು. ಹೊರಗೆ ವಿರೂಪಾಕ್ಷ ನಿಂತಿದ್ದ. ಕಂಬಳಿಯೊಳಗೆ ಏನೋ ಮುಚ್ಚಿ ಹಿಡಿದಿದ್ದ, ಚಳಿಗೆ ಮೂಗು ಕೆಂಪಗಾಗಿತ್ತು.

"ಬಾರೋ, ಒಳಗ ಬಾ. ಯಾಕ ನಿಂತಿ?"

ಅವನು ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು ಕಂಬಳಿ ಸರಿಸಿದ. ಕಂಚಿನ ಬಟ್ಟಲು, ಅದರ ಮೇಲೊಂದು ಮುತ್ತಲ ಎಲೆ ಮುಚ್ಚಿತ್ತು.

"ನಮ್ಮ ಮನ್ಯಾಗೂ ಇವತ್ತ ಆಗಿದ್ದಿಲ್ಲ," ಅಂದ. "ಹೋಗಿ ಕೇಳಿ ತಂದೆ. ಅರ್ಜುನ ಹೆದರಿಬಿಟ್ಟ. ‘ನಾ ಏನೂ ಮಾಡಿಲ್ಲರಿ ಅಣ್ಣಾರ’ ಅಂತಾನ."

ಕೆಂಚವ್ವ ನಕ್ಕಳು. ಅವನೂ ನಗಲು ನೋಡಿದ. ನಗು ಅರ್ಧಕ್ಕೆ ನಿಂತಿತು.

"ಮಾಲಾನ ಮನಿ ಹೆಪ್ಪ ಇದು, ಕಾಕು. ಅವರು ಗಡಿಗೀನ ಜೋಳದ ಚೀಲದಾಗ ಹುಗದಿಟ್ಟಿದ್ರಂತ, ಅದಕ್ಕ ಉಳದೈತಿ. ನಿಮಗ ನಡೀತೈತ್ಯೋ ಇಲ್ಲೋ..."

"ಗಂಗಾ ಅವತ್ತ ಹೆಪ್ಪ ಕೇಳಾಕ ಹೋದಾಕಿ ಬರಗೈಲೆ ಬಂದಿದ್ದಿಲ್ಲೋ. ಆಕಿ ಹೇಳಿಲ್ಲೇನ ನಿನಗ?"

"ಈಗ ಹೇಳಿದ್ಲು."

"ಅದ ಹೆಪ್ಪಿನ ಮೊಸರು ನಿನಗ ವರ್ಷಾತು ನಡದೈತಿ. ನನಗ ಇವತ್ತ ನಡೀಲಾರದೇನು?"

ಅವನು ತಲೆ ತಗ್ಗಿಸಿದ. ದೇವರ ಮುಂದಿನ ದೀಪದ ಬೆಳಕು ಹೊಸ್ತಿಲಿನವರೆಗೆ ಬಂದು ಅವನ ಕಾಲಿನ ಹತ್ತಿರ ನಿಂತಿತ್ತು. ಕೆಂಚವ್ವ ಅದನ್ನು ನೋಡಿ ಅಂದಳು: "ದೀಪ ಹಚ್ಚೇತೆಲ್ಲೋ ತಮ್ಮಾ. ಈಗ ಕೊಡಬಾರದು."

"ಅವತ್ತ ಈ ಹೊತ್ತಿನ್ಯಾಗ ಕೇಳಿದ್ರಿ. ಕೊಟ್ಟಿದ್ದಿಲ್ಲ."

"ನಿಮ್ಮ ಗೂಡ ಖಾಲಿ ಆತಲ್ಲ ಮತ್ತ?"

ಅವನು ಕೈಯಲ್ಲಿದ್ದ ಬಟ್ಟಲನ್ನು ನೋಡಿದ. "ನಾಳಿ ತೊಳದು ತಂದು ಅಲ್ಲೇ ಇಡ್ರಿ ಕಾಕು. ಇರ್ಲಿ."

ಹೇಳಿ, ಬಟ್ಟಲಿನ ಮೇಲಿನ ಎಲೆ ತೆಗೆದು, ಹೆಪ್ಪು ತುಳುಕದಂತೆ ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲು ದಾಟಿಸಿ ಕೊಟ್ಟ.